ಎಸಿ ಬೇಕಾ? ಮೊದಲು ನಿಮ್ಮ ಸೂರನ್ನು ಕೇಳಿ

ಶಿವರಾತ್ರಿ ಮುಗಿದು ಚಳಿ ‘ಶಿವ ಶಿವಾ’ ಅಂತ ಹೊರಟಿದ್ದೇ ತಡ, ಮನೆಮನೆಯಲ್ಲೂ ಒಂದೇ ಮಾತು. ‘ರೀ, ಈ ಸಲ ಒಂದು ಎಸಿ ಹಾಕಿಸಿಬಿಡೋಣ.’ ಪೇಪರ್ ಬಿಡಿಸಿದರೆ ಅರ್ಧ ಪುಟದ ಜಾಹೀರಾತು. ಅಂಗಡಿಗೆ ಕಾಲಿಟ್ಟರೆ ಬಡ್ಡಿಯಿಲ್ಲದ ಕಂತಿನ ಆಮಿಷ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ‘ಇನ್ನೇನು ಯೋಚನೆ ಮೇಡಂ?’ ಎನ್ನುವವರೇ ಹೆಚ್ಚು.

ಯೋಚನೆ ಇದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಮನೆ ಮಾಡಿಕೊಂಡಿರುವ ನಮಗೆ ಬೆಂಗಳೂರಿನವರಿಗಿಂತ ಸ್ವಲ್ಪ ಜಾಸ್ತಿಯೇ ಯೋಚನೆ ಇರಬೇಕು. ಎಸಿ ಕೊಳ್ಳಬೇಡಿ ಎಂದು ಹೇಳಲು ನಾನು ಹೊರಟಿಲ್ಲ. ಕೆಲವು ಮನೆಗಳಿಗೆ ಅದು ಬೇಕೇ ಬೇಕು. ಆದರೆ ‘ಎಷ್ಟು ಟನ್, ಎಷ್ಟು ಸ್ಟಾರ್’ ಎಂದು ಕೇಳುವ ಮುಂಚೆ ‘ನಮ್ಮ ಮನೆ ಯಾಕೆ ಬಿಸಿಯಾಗ್ತಿದೆ’ ಎಂದು ಕೇಳಿ ಅನ್ನುವುದಷ್ಟೇ ನನ್ನ ವಾದ. ಈ ಪ್ರಶ್ನೆಗೆ ಅಂಗಡಿಯವನ ಬಳಿ ಉತ್ತರವಿಲ್ಲ. ದಿನವಿಡೀ ಮನೆಯಲ್ಲಿರುವ ನಿಮ್ಮ ಬಳಿ ಇದೆ.

ಒಂದು ಕೋಣೆಗೆ ಒಂದು ಯಂತ್ರ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರು ನೋಡಿರುತ್ತೀರಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗೋಡೆಯೊಳಗೆ, ಚಾವಣಿಯೊಳಗೆ ದೊಡ್ಡ ದೊಡ್ಡ ಗಾಳಿ ಕೊಳವೆಗಳಿರುತ್ತವೆ. ಡಕ್ಟ್ ಅನ್ನುವುದು ಅದನ್ನೇ. ಒಂದೇ ಯಂತ್ರ ಇಡೀ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇಡುತ್ತದೆ. ನಮ್ಮ ಮನೆಗಳಲ್ಲಿ ಇಂಥ ಕೊಳವೆಗಳಿಲ್ಲ. ನಾವು ‘ಸ್ಪ್ಲಿಟ್ ಎಸಿ’ ಎನ್ನುವುದನ್ನೇ ಅವರು ‘ಡಕ್ಟ್‌ಲೆಸ್’ ಎನ್ನುತ್ತಾರೆ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ತಾಮ್ರದ ಸಣ್ಣ ಪೈಪು. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದೇ ಅದರ ಕೆಲಸ.

ಇದರಲ್ಲಿ ಒಂದು ಅನುಕೂಲವಿದೆ. ಇಡೀ ಮನೆಯನ್ನು ತಂಪು ಮಾಡುವ ಹಂಗಿಲ್ಲ, ಬೇಕಾದ ಕೋಣೆಗೆ ಮಾತ್ರ ಹಾಕಿಸಬಹುದು. ಹಾಗಾಗಿ ‘ನಮ್ಮ ಮನೆಗೆ ಎಸಿ ಬೇಕಾ’ ಅಂತ ಕೇಳುವುದಕ್ಕಿಂತ ‘ಯಾವ ಕೋಣೆಗೆ, ಯಾರಿಗೆ, ಎಷ್ಟು ಗಂಟೆ’ ಅಂತ ಕೇಳಿದರೆ ಲೆಕ್ಕ ಸರಿಯಾಗಿ ಸಿಗುತ್ತದೆ.

ನಮ್ಮೂರ ಸೆಕೆಯ ಗುಣವೇ ಬೇರೆ

‘ಮೊದಲೆಲ್ಲ ಹಿಂಗಿರಲಿಲ್ಲಮ್ಮ’ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಯಿತು. 2024ರ ಏಪ್ರಿಲ್ ಕೊನೆಯಲ್ಲೂ 38 ಡಿಗ್ರಿ ದಾಟಿತು. ಆದರೂ ಒಂದು ಮಾತು ನೆನಪಿರಲಿ. ನಾವಿರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಒಣ ಬಯಲುಸೀಮೆಯಲ್ಲಿ. ಬೆಂಗಳೂರಿನ ಏಪ್ರಿಲ್ ತಿಂಗಳ ಸರಾಸರಿ ನೋಡಿದರೆ ಹಗಲು 34ರ ಆಸುಪಾಸು, ರಾತ್ರಿ 22ರ ಆಸುಪಾಸು. ಹಗಲಿಗೂ ರಾತ್ರಿಗೂ 12 ಡಿಗ್ರಿ ಅಂತರ! ಚೆನ್ನೈನವರಿಗೆ ಈ ಭಾಗ್ಯ ಇಲ್ಲ. ಅಲ್ಲಿ ಮೇ ತಿಂಗಳ ನಡುರಾತ್ರಿಯಲ್ಲೂ 27-28 ಡಿಗ್ರಿ, ಮೇಲೆ ಮೈ ಅಂಟಂಟು. ಅಲ್ಲಿ ಕಿಟಕಿ ತೆರೆದರೂ ಸೆಕೆಯೇ ಒಳಗೆ ಬರುತ್ತದೆ. ನಮ್ಮಲ್ಲಿ ಬರುವುದು ತಂಪು.

ಹಾಗಾದರೆ ರಾತ್ರಿ ಹತ್ತು ಗಂಟೆಗೂ ನಮ್ಮ ಬೆಡ್‌ರೂಮ್ ಒಲೆಯ ಹಾಗೆ ಕಾದಿರುವುದೇಕೆ? ತಲೆ ಎತ್ತಿ ನೋಡಿ, ಅಲ್ಲಿದೆ ಉತ್ತರ. ಆರ್‌ಸಿಸಿ ಛಾವಣಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುವ ಹೊತ್ತಿಗೇ ಒಳಗೆ ಸೂರು ಸುಡುತ್ತಿರುತ್ತದೆ. ನಮ್ಮ ಅಜ್ಜಿಯರ ಕಾಲದ ಮಣ್ಣಿನ ಗೋಡೆಯ, ಹೆಂಚಿನ ಮನೆಗಳಲ್ಲಿ, ತೊಟ್ಟಿ ಮನೆಗಳಲ್ಲಿ ಈ ಕಾಟ ಕಡಿಮೆ. ದಪ್ಪ ಗೋಡೆ ಹಗಲಿನ ಶಾಖವನ್ನು ತಡೆಯುತ್ತಿತ್ತು, ಹೆಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ನಾವು ಹೆಂಚು ಇಳಿಸಿ ಮೋಲ್ಡ್ ಹಾಕಿಸಿದೆವು, ಅದರ ಜೊತೆಗೆ ಸೆಕೆಯನ್ನೂ ಕೊಂಡುಕೊಂಡೆವು.

ಹತ್ತು ದಿನದ ಪರೀಕ್ಷೆ

ಕೋಣೆಯ ಉಷ್ಣತೆ ತೋರಿಸುವ ಥರ್ಮಾಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎಸಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಇದೊಂದನ್ನು ತನ್ನಿ. ಮಲಗುವ ಕೋಣೆಯಲ್ಲೊಮ್ಮೆ, ಹೊರಗೆ ನೆರಳಿನಲ್ಲೊಮ್ಮೆ ಇಟ್ಟು ಮಧ್ಯಾಹ್ನ 3ಕ್ಕೆ, ರಾತ್ರಿ 10ಕ್ಕೆ, ಬೆಳಗ್ಗೆ 5ಕ್ಕೆ ಎಷ್ಟಿದೆ ಎಂದು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಹತ್ತು ದಿನ ಸಾಕು.

ರಾತ್ರಿ ಹತ್ತಕ್ಕೆ ಹೊರಗೆ 26, ಒಳಗೆ 31 ಇದೆಯಾ? ಹಾಗಿದ್ದರೆ ತೊಂದರೆ ಹವಾಮಾನದ್ದಲ್ಲ, ನಿಮ್ಮ ಸೂರಿನದು, ಇಲ್ಲವೇ ಪಶ್ಚಿಮದ ಗೋಡೆ, ಕಿಟಕಿಯದು. ಈಗಲೇ ಎಸಿ ಹಾಕಿಸಿದರೆ ಅದು ರಾತ್ರಿಯಿಡೀ ಆ ಛಾವಣಿಯ ಜೊತೆ ಗುದ್ದಾಡುತ್ತಿರುತ್ತದೆ, ಕರೆಂಟ್ ಬಿಲ್ ನಿಮ್ಮದು.

ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ, ಆದರೆ ಎರಡೂ ಕಡೆ 28ರ ಮೇಲಿದೆಯಾ? ಅಥವಾ ಹೊರಗೆ ತಂಪಿದ್ದರೂ ಕಿಟಕಿ ತೆರೆಯುವ ಹಾಗೆಯೇ ಇಲ್ಲವಾ? ಆಗ ಎಸಿಯ ಮಾತಿಗೆ ಅರ್ಥವಿದೆ.

ಮೊದಲು ಸೂರು, ಆಮೇಲೆ ಗಾಳಿ

ಟೆರೇಸಿಗೆ ಬಿಳಿ ಬಳಿಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಸುಣ್ಣಕ್ಕೆ ಅಂಟು ಬೆರೆಸಿ ಮಾರ್ಚ್‌ನಲ್ಲಿ ಎರಡು ಕೈ ಬಳಿದರೆ ಆ ಬೇಸಿಗೆಗೆ ಸಾಕು. ಮಳೆಗೆ ತೊಳೆದುಹೋಗುತ್ತದೆ ಅನ್ನುವುದು ನಿಜ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಸ್ವಲ್ಪ ಹೆಚ್ಚು ಖರ್ಚು ಮಾಡಿದರೆ ಬಿಸಿಲು ಹಿಂದಕ್ಕೆ ಚಿಮ್ಮಿಸುವ ಬಿಳಿ ಪೇಂಟ್ ಸಿಗುತ್ತದೆ, ಕೆಲವು ವರ್ಷ ಬಾಳುತ್ತದೆ. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸುವ ಹಳೆಯ ಪದ್ಧತಿಯೂ ಒಳ್ಳೆಯದೇ. ಮೇಲಿನ ಮಹಡಿಯ ಕೋಣೆಯಲ್ಲಿ ಎರಡು ಮೂರು ಡಿಗ್ರಿ ಇಳಿದರೂ ನಿದ್ದೆಗೆ ಅದು ದೊಡ್ಡ ವ್ಯತ್ಯಾಸ. ಇದು ಬರೀ ಅಡುಗೆಮನೆ ಪಾಂಡಿತ್ಯವಲ್ಲ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿ ಜಾರಿಗೆ ತಂದಿತು.

ಆಮೇಲೆ ಕಿಟಕಿ. ಬಿಸಿಲನ್ನು ಗಾಜಿನ ಒಳಗೆ ತಡೆಯುವುದಕ್ಕಿಂತ ಹೊರಗೇ ತಡೆಯಬೇಕು. ದಪ್ಪ ಕರ್ಟನ್ ಹಾಕಿದರೂ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿಯೋ, ನರ್ಸರಿಗಳಲ್ಲಿ ಕಟ್ಟುವ ಹಸಿರು ನೆಟ್ಟೋ ಹಾಕಿ. ಜಾಗ ಇದ್ದವರು ಒಂದು ಹೊಂಗೆ ಗಿಡ ನೆಡಿ. ಹೊಂಗೆ ನೆರಳಿನ ತಂಪು ಗೊತ್ತಿಲ್ಲದವರು ನಮ್ಮ ಕಡೆ ಯಾರಿದ್ದಾರೆ?

ಮೂರನೆಯದು ರಾತ್ರಿಯ ಗಾಳಿ. ಹಗಲು ಹತ್ತರಿಂದ ಸಂಜೆ ಆರರವರೆಗೆ ಕಿಟಕಿ ಮುಚ್ಚಿ. ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿ ಎರಡನ್ನೂ ತೆರೆಯಿರಿ. ಸೊಳ್ಳೆ ಪರದೆ ಹೊಡೆಸಿದ ಕಿಟಕಿ ಇಲ್ಲದ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಸಂಜೆ ಐದಕ್ಕೆ ಎಲ್ಲ ಬಂದ್! ಎಸಿಯ ದುಡ್ಡಿನಲ್ಲಿ ಒಂದು ಪಾಲು ಖರ್ಚು ಮಾಡಿದರೂ ಇಡೀ ಮನೆಯ ಕಿಟಕಿಗಳಿಗೆ ಮೆಶ್ ಆಗುತ್ತದೆ.

ಕೂಲರ್ ಹೇಗೆ ಅನ್ನುತ್ತೀರಾ? ನಮ್ಮ ಮಾರ್ಚ್-ಏಪ್ರಿಲ್‌ನ ಒಣಗಾಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕರೆಂಟೂ ಎಸಿಗಿಂತ ಎಷ್ಟೋ ಕಡಿಮೆ. ಆದರೆ ಕೂಲರ್ ನೀರು ಕುಡಿಯುತ್ತದೆ, ಗಂಟೆಗೆ ಕೆಲವು ಲೀಟರ್. ಕೊಳವೆಬಾವಿ ಬತ್ತಿ ಟ್ಯಾಂಕರ್‌ಗೆ ಕಾಯುವ ಬಡಾವಣೆಯವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿಟಕಿ ಮುಚ್ಚಿಟ್ಟು ಕೂಲರ್ ಹಾಕಿದರೆ ಕೋಣೆ ತೇವವಾಗಿ ಇನ್ನಷ್ಟು ಉಸಿರುಗಟ್ಟುತ್ತದೆ ಅನ್ನುವುದೂ ನೆನಪಿರಲಿ.

ಇನ್ನೂರು ಯೂನಿಟ್ಟಿನ ಗೆರೆ

ಈಗ ದುಡ್ಡಿನ ವಿಷಯಕ್ಕೆ ಬರೋಣ. 2023ರ ಜುಲೈನಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಬಹಳ ಮನೆಗಳಿಗೆ ಸೊನ್ನೆ ಬಿಲ್ಲು ಅಭ್ಯಾಸವಾಗಿದೆ. ಎಸಿ ಕೊಳ್ಳುವಾಗ ಇದರ ಲೆಕ್ಕ ಹಾಕುವವರೇ ಕಡಿಮೆ. ನಿಯಮ ಹೀಗಿದೆ. 2022-23ರಲ್ಲಿ ನಿಮ್ಮ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ 10 ಸೇರಿಸಿ ನಿಮಗಿಷ್ಟು ಯೂನಿಟ್ ಉಚಿತ ಎಂದು ನಿಗದಿ ಮಾಡಿದ್ದಾರೆ. ಅದನ್ನು ಮೀರಿದರೂ 200ರ ಒಳಗಿದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಗೆ!

ಒಂದು ಉದಾಹರಣೆ ನೋಡಿ. ನಿಮಗೆ 130 ಯೂನಿಟ್ ಉಚಿತವಿದೆ, ಬೇಸಿಗೆಯಲ್ಲಿ 120 ಉರಿಸುತ್ತೀರಿ ಎಂದಿಟ್ಟುಕೊಳ್ಳಿ. ಬಿಲ್ಲು ಸೊನ್ನೆ. ಈಗ ಒಂದು ಟನ್ನಿನ ಎಸಿ ಬಂತು. ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 5 ಯೂನಿಟ್, ತಿಂಗಳಿಗೆ 150. ಒಟ್ಟು 270. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಸುಮಾರು 7 ರೂಪಾಯಿ ಹಿಡಿದರೆ 1,890 ರೂಪಾಯಿ, ಮೇಲೆ ನಿಗದಿತ ಶುಲ್ಕ. ಎಸಿ ಉರಿಸಿದ್ದು 150 ಯೂನಿಟ್, ದುಡ್ಡು ಕಟ್ಟಿದ್ದು 270ಕ್ಕೆ.

ಅದೇ ಎಸಿಯನ್ನು ರಾತ್ರಿ ಹತ್ತರಿಂದ ಒಂದರವರೆಗೆ ಮಾತ್ರ ಟೈಮರ್ ಹಾಕಿ ಓಡಿಸಿ, ಆಮೇಲೆ ಕಿಟಕಿ ತೆರೆದು ಫ್ಯಾನ್ ಹಾಕಿದರೆ? ದಿನಕ್ಕೆ 2 ಯೂನಿಟ್ಟಿನಂತೆ 60. ಒಟ್ಟು 180. ಉಚಿತದ 130 ಕಳೆದು 50 ಯೂನಿಟ್ಟಿಗೆ 350 ರೂಪಾಯಿ. ಒಂದೇ ಮನೆ, ಒಂದೇ ಯಂತ್ರ. ಒಂದು ತಿಂಗಳಿಗೆ ಒಂದೂವರೆ ಸಾವಿರಕ್ಕೂ ಹೆಚ್ಚು ವ್ಯತ್ಯಾಸ! ನಮ್ಮೂರಿನ ರಾತ್ರಿ ತಂಪಿದೆ ಅಂತ ನಾನು ಮೊದಲೇ ಹೇಳಿದ್ದು ಇದಕ್ಕೇ.

ನಿಮಗೆ ಎಷ್ಟು ಯೂನಿಟ್ ಉಚಿತ ಅನ್ನುವುದು ಬಿಲ್ಲಿನಲ್ಲೇ ಇರುತ್ತದೆ. ಕಳೆದ ವರ್ಷದ ಏಪ್ರಿಲ್, ಮೇ ತಿಂಗಳ ಬಿಲ್ಲುಗಳನ್ನು ಹುಡುಕಿ ತೆಗೆದು ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ. ಈಗಾಗಲೇ 200 ದಾಟುತ್ತಿರುವವರಿಗೆ ಈ ಗೆರೆಯ ಭಯವಿಲ್ಲ, ಎಸಿ ಉರಿಸಿದಷ್ಟಕ್ಕೆ ದುಡ್ಡು ಅಷ್ಟೆ.

ಸ್ಟಾರ್ ಹೆಚ್ಚಿದ್ದರೆ ಉಳಿತಾಯವೇ?

‘ಫೈವ್ ಸ್ಟಾರ್ ತಗೊಳ್ಳಿ, ಕರೆಂಟ್ ಉಳಿಯುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಉಳಿಯುತ್ತದೆ, ಉರಿಸಿದರೆ. ಎಸಿ ಮೇಲಿನ ಬಿಇಇ ಲೇಬಲ್‌ನಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತಾರಲ್ಲ, ಅದು ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಂಬ ಲೆಕ್ಕ. ನಾವು ಓಡಿಸುವುದೆಷ್ಟು? ಏಪ್ರಿಲ್-ಮೇ ಸೇರಿ 60 ರಾತ್ರಿ, ರಾತ್ರಿಗೆ ಏಳು ಗಂಟೆ ಎಂದರೂ 420 ಗಂಟೆ. ಹೆಚ್ಚುಕಡಿಮೆ ಕಾಲು ಭಾಗ. ಭರಣಿ ಮಳೆ ಚೆನ್ನಾಗಿ ಬಿದ್ದರೆ ಅಷ್ಟೂ ಇಲ್ಲ.

ಮೂರು ಸ್ಟಾರ್‌ಗೂ ಐದು ಸ್ಟಾರ್‌ಗೂ ಲೇಬಲ್‌ನಲ್ಲಿ 200 ಯೂನಿಟ್ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ನಮ್ಮ ಬಳಕೆಗೆ ಉಳಿಯುವುದು ಸುಮಾರು 50 ಯೂನಿಟ್, ಅಂದರೆ ವರ್ಷಕ್ಕೆ 350 ರೂಪಾಯಿ. ಐದು ಸ್ಟಾರ್‌ಗೆ ಎಂಟು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಎಸಿಯೇ ಗುಜರಿ ಸೇರಿರುತ್ತದೆ! ಹಾಗಾಗಿ ಬರೀ ಬೇಸಿಗೆಯ ರಾತ್ರಿಗೆ ಬಳಸುವವರಿಗೆ ಮೂರು ಸ್ಟಾರ್‌ನ ಇನ್ವರ್ಟರ್ ಎಸಿ ಧಾರಾಳ. ಮನೆಯಲ್ಲೇ ಕೆಲಸ ಮಾಡುವವರಿದ್ದು ವರ್ಷದ ಆರೇಳು ತಿಂಗಳು ಹಗಲೂ ಓಡಿಸುತ್ತೀರಾದರೆ ಮಾತ್ರ ಐದು ಸ್ಟಾರ್ ಯೋಚಿಸಿ. ಸ್ಟಾರ್ ಕೊಡುವ ಅಳತೆ ಕಾಲಕಾಲಕ್ಕೆ ಬಿಗಿಯಾಗುತ್ತಾ ಬಂದಿದೆ. ಹಳೆಯ ಸ್ಟಾಕಿನ ಐದು ಸ್ಟಾರ್ ಇವತ್ತಿನ ಐದಕ್ಕೆ ಸಮವಲ್ಲ. ಲೇಬಲ್ ಮೇಲೆ ವರ್ಷ ನೋಡುವುದನ್ನು ಮರೆಯಬೇಡಿ.

ಮೀಟರು, ವೈರು, ಅರ್ಥಿಂಗ್

ಹಳೆಯ ಮನೆಗಳಿಗೆ ಒಂದೋ ಎರಡೋ ಕಿಲೋವ್ಯಾಟ್ ಲೋಡ್ ಮಂಜೂರಾಗಿರುತ್ತದೆ. ಅದರಲ್ಲೇ ಗೀಸರ್, ಮೋಟರ್, ಮಿಕ್ಸಿ ಎಲ್ಲ. ಅದರ ಮೇಲೆ ಒಂದು ಕಿಲೋವ್ಯಾಟ್‌ನಿಂದ ಒಂದೂವರೆ ಕಿಲೋವ್ಯಾಟ್‌ವರೆಗೆ ಎಳೆಯುವ ಎಸಿ ಬಂದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕಾಗಬಹುದು. ಹೆಚ್ಚಿಸಿದರೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿಗೂ ಮೇಲ್ಪಟ್ಟು ನಿಗದಿತ ಶುಲ್ಕ ಇದೆ. ಗೃಹಜ್ಯೋತಿ ಇಲ್ಲದವರಿಗೆ, ಎಸಿ ಎರಡೇ ತಿಂಗಳು ಓಡಿದರೂ ಇದು ಹನ್ನೆರಡು ತಿಂಗಳ ಖರ್ಚು.

ಎಸಿಗೆ ಬೇರೆಯೇ ಲೈನ್ ಎಳೆಸಬೇಕು. ದಪ್ಪ ತಾಮ್ರದ ವೈರು, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಟಿವಿಯ ಪಾಯಿಂಟ್‌ನಿಂದಲೇ ತೆಗೆದು ಕೊಡುತ್ತೇನೆ ಎನ್ನುವವನನ್ನು ಒಳಗೆ ಬಿಡಬೇಡಿ. ಊರಾಚೆಯ ಬಡಾವಣೆಗಳಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಅಂಥ ಕಡೆ ಸ್ಟೆಬಿಲೈಜರ್ ಬೇಕು. ಇನ್ನು ಕರೆಂಟ್ ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಮೇಲೆ ಎಸಿ ಓಡುವುದಿಲ್ಲ. ಕಡು ಬೇಸಿಗೆಯಲ್ಲಿ, ಎಲ್ಲರೂ ಎಸಿ ಹಾಕಿದ ಹೊತ್ತಿಗೇ ಕರೆಂಟ್ ಹೋಗುವುದು ನಮಗೇನು ಹೊಸದಾ? ಆಗ ನಿಮ್ಮನ್ನು ಕಾಪಾಡುವುದು ಅದೇ ಬಿಳಿ ಟೆರೇಸು, ಅದೇ ಮೆಶ್ ಕಿಟಕಿ.

ತಂಪು ಯಾರಿಗೆ?

ಈ ಮಾತನ್ನು ನಾವು ಹೆಂಗಸರು ಬಾಯಿಬಿಟ್ಟು ಕೇಳುವುದೇ ಇಲ್ಲ. ಮನೆಗೆ ಎಸಿ ಬಂದರೆ ಅದು ಗೋಡೆಗೇರುವುದು ಬೆಡ್‌ರೂಮ್‌ನಲ್ಲಿ, ಇಲ್ಲವೇ ಬಂದವರಿಗೆ ಕಾಣಲಿ ಅಂತ ಹಾಲ್‌ನಲ್ಲಿ. ಆದರೆ ಮನೆಯಲ್ಲಿ ಅತಿ ಹೆಚ್ಚು ಬೇಯುವ ಜಾಗ ಯಾವುದು? ಮಧ್ಯಾಹ್ನ ಹನ್ನೆರಡಕ್ಕೆ ಮುದ್ದೆ ತಿರುವುತ್ತಾ ನಿಂತಿರುತ್ತೀರಲ್ಲ, ಆ ಅಡುಗೆಮನೆ. ಅಲ್ಲಿಗೆ ಎಸಿ ಹೊಂದುವುದೂ ಇಲ್ಲ. ಒಲೆಯ ಉರಿ ಅಲ್ಲಾಡುತ್ತದೆ, ಒಗ್ಗರಣೆಯ ಜಿಡ್ಡು ಎಸಿಯೊಳಗೆ ಕೂರುತ್ತದೆ, ಶಾಖಕ್ಕೆ ಅದು ಸಾಲುವುದೂ ಇಲ್ಲ. ಅಲ್ಲಿ ಬೇಕಿರುವುದು ಬಿಸಿಗಾಳಿ ಹೊರಗೆ ಎಳೆಯುವ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನು, ಎದುರಿಗೆ ಗಾಳಿ ಬರಲು ಒಂದು ಕಿಟಕಿ.

ಬೇಸಿಗೆಯ ಬಜೆಟ್ ಹಾಕುವಾಗ ಮೊದಲ ಖರ್ಚು ಅಡುಗೆಮನೆಗೆ ಆಗಲಿ. ಇದು ಹಟ ಅಲ್ಲ, ನ್ಯಾಯ. ದಿನಕ್ಕೆ ನಾಲ್ಕೈದು ಗಂಟೆ ಒಲೆಯ ಮುಂದೆ ನಿಲ್ಲುವವರ ಸೆಕೆಗೆ ಬೆಲೆ ಕಟ್ಟದೆ, ಟಿವಿ ನೋಡುವವರ ಸೆಕೆಗೆ ಮಾತ್ರ ಕಂತು ಕಟ್ಟುವುದು ಯಾವ ಲೆಕ್ಕ? ಫಿಲ್ಟರ್ ತೊಳೆಯುವವರು, ಬಿಲ್ಲು ಜಾಸ್ತಿ ಬಂದಾಗ ‘ಯಾಕೆ ಇಷ್ಟೊಂದು’ ಎಂದು ಕೇಳಿಸಿಕೊಳ್ಳುವವರು ಹೇಗೂ ನಾವೇ ತಾನೆ. ಕೊಳ್ಳುವ ತೀರ್ಮಾನದಲ್ಲೂ ನಮ್ಮ ಮಾತು ನಡೆಯಲಿ.

ಚಳಿಗೂ ಅದೇ ಯಂತ್ರವೇ?

‘ಹಾಟ್ ಅಂಡ್ ಕೋಲ್ಡ್’ ಎಸಿಗಳೂ ಅಂಗಡಿಗಳಲ್ಲಿವೆ. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗೆ ಹಾಕುವ ಯಂತ್ರ, ಚಳಿಗಾಲದಲ್ಲಿ ತಿರುವುಮುರುವಾಗಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಸಾದಾ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಪಾಲು ಬಿಸಿ ಕೊಟ್ಟರೆ ಇದು ಮೂರು ಪಾಲಿನಷ್ಟು ಕೊಡುತ್ತದೆ. ಒಳ್ಳೆಯ ತಂತ್ರವೇ. ಆದರೆ ನಮಗೆ ಬೇಕಾ?

ಬೆಂಗಳೂರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ನಂದಿಬೆಟ್ಟದ ಗಾಳಿ ಬೀಸುವ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಚಳಿ ಸ್ವಲ್ಪ ಜೋರೇ. ಆದರೂ ನಿಜವಾಗಿ ನಡುಗಿಸುವುದು ಡಿಸೆಂಬರ್-ಜನವರಿಯ ಕೆಲವು ವಾರ, ಅದೂ ಬೆಳಗಿನ ಜಾವ. ಅದಕ್ಕೆ ಕಂಬಳಿ, ಸ್ವೆಟರ್ ಸಾಕು. ಬರೀ ಈ ಕೆಲವು ವಾರಕ್ಕಾಗಿ ಹೆಚ್ಚಿನ ದುಡ್ಡು ಸುರಿಯಬೇಡಿ.

ಮನೆಯಲ್ಲಿ ಬಾಣಂತಿ, ಎಳೆಗೂಸು ಅಥವಾ ಚಳಿ ತಡೆಯದ ವಯಸ್ಸಾದವರಿದ್ದರೆ ಮಾತು ಬೇರೆ. ನಮ್ಮ ಕಡೆ ಈಗಲೂ ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಅಂಥ ಮನೆಯವರು ಹೇಗೂ ಎಸಿ ಕೊಳ್ಳುವುದಿದ್ದರೆ ಬಿಸಿ-ತಂಪು ಎರಡೂ ಇರುವುದನ್ನು ಕೊಳ್ಳುವುದು ತಪ್ಪಲ್ಲ.

ಇವರಿಗೆ ಬೇಕು, ಇವರಿಗೆ ಬೇಡ

ಹಾಗಾದರೆ ಎಸಿ ನಿಜವಾಗಿ ಬೇಕಿರುವುದು ಯಾರಿಗೆ?

* ದೇವನಹಳ್ಳಿ ವಿಮಾನ ನಿಲ್ದಾಣದಲ್ಲೋ ಕಾರ್ಖಾನೆಯಲ್ಲೋ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ. ರಾತ್ರಿಯ ತಂಗಾಳಿ ಇವರ ಪಾಲಿಗಿಲ್ಲ.
* ನೆಲಮಂಗಲ, ಹೊಸಕೋಟೆಯ ಹೆದ್ದಾರಿ ಪಕ್ಕದವರಿಗೆ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ಪಕ್ಕದವರಿಗೆ. ದೂಳು, ಸದ್ದಿಗೆ ಕಿಟಕಿ ತೆರೆಯುವ ಹಾಗಿಲ್ಲ.
* ಹಾಸಿಗೆ ಹಿಡಿದ ಹಿರಿಯರು, ಸೆಕೆ ತಡೆಯದ ಕಾಯಿಲೆಯವರು ಇರುವ ಮನೆಗೆ. ಇಲ್ಲಿ ಯೂನಿಟ್ ಲೆಕ್ಕ ಆಮೇಲೆ, ಡಾಕ್ಟರ ಮಾತು ಮೊದಲು.
* ಅಪಾರ್ಟ್‌ಮೆಂಟ್‌ನ ಕೊನೆಯ ಮಹಡಿಯವರಿಗೆ, ಸೂರಿಗೆ ಬಿಳಿ ಬಳಿಯಲು ಸಂಘದವರು ಒಪ್ಪದೇ ಇದ್ದರೆ.

ಯಾರು ಇನ್ನೊಂದು ಬೇಸಿಗೆ ಕಾಯಬಹುದು?

* ಕೆಳಗಿನ ಮಹಡಿಯಲ್ಲಿ, ಮರದ ನೆರಳಿನಲ್ಲಿ ಇರುವವರು.
* ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು. ಗೋಡೆಗೆ ತೂತು ಕೊರೆಯಲು ಓನರ್ ಒಪ್ಪಿಗೆ ಬೇಕು, ಮನೆ ಬದಲಿಸುವಾಗ ಬಿಚ್ಚುವ, ಕೂರಿಸುವ, ಗ್ಯಾಸ್ ತುಂಬಿಸುವ ಖರ್ಚು ಮತ್ತೆ ಮತ್ತೆ.
* ಶೀಟಿನ ಮನೆಯವರು. ಬರೀ ಶೀಟಿನ ಕೆಳಗೆ ಎಸಿ ಹಾಕುವುದು ಒಡಕು ಕೊಡಕ್ಕೆ ನೀರು ತುಂಬಿದ ಹಾಗೆ. ಮೊದಲು ಒಳಛಾವಣಿ ಆಗಲಿ.

ಕೊಳ್ಳುವುದೇ ಆದರೆ

ಪರೀಕ್ಷೆ ಮಾಡಿದಿರಿ, ಸೂರು ಸರಿಮಾಡಿದಿರಿ, ಆದರೂ ಬೇಕು ಅನ್ನಿಸಿತು. ಸಂತೋಷವಾಗಿ ಕೊಳ್ಳಿ. ಆದರೆ ಇಷ್ಟು ಗಮನದಲ್ಲಿರಲಿ.

* ಹತ್ತು-ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಸಾಕು. ಕೋಣೆ ಅದಕ್ಕಿಂತ ದೊಡ್ಡದಿದ್ದರೆ, ಕೊನೆಯ ಮಹಡಿಯಾದರೆ ಒಂದೂವರೆ ಟನ್ ಬೇಕಾದೀತು. ‘ಇರಲಿ ಬಿಡಿ’ ಎಂದು ದೊಡ್ಡದು ತಂದರೆ ದುಡ್ಡೂ ದಂಡ, ಕರೆಂಟೂ ದಂಡ.
* ಜಾಹೀರಾತಿನ ಬೆಲೆಯೇ ಕೊನೆಯ ಬೆಲೆಯಲ್ಲ. ಕೂರಿಸುವ ಕೂಲಿ, ಹೆಚ್ಚುವರಿ ತಾಮ್ರದ ಪೈಪು, ಹೊರಗಿನ ಪೆಟ್ಟಿಗೆಯ ಸ್ಟ್ಯಾಂಡು, ಸ್ಟೆಬಿಲೈಜರ್, ವೈರಿಂಗ್ ಎಲ್ಲಕ್ಕೂ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.
* ‘ಹತ್ತು ವರ್ಷ ವಾರಂಟಿ’ ಎಂದರೆ ಯಾವುದಕ್ಕೆ ಎಂದು ಕೇಳಿ. ಬಹಳ ಸಲ ಅದು ಕಂಪ್ರೆಸರ್‌ಗೆ ಮಾತ್ರ. ಉಳಿದದ್ದಕ್ಕೆ ಎಷ್ಟು ವರ್ಷ, ರಿಪೇರಿಯವರು ನಿಮ್ಮ ಊರಿಗೆ ಬರುತ್ತಾರಾ, ಬೆಂಗಳೂರಿನಿಂದ ಬರಬೇಕಾ ಎಂದೂ ಕೇಳಿ.
* ಗ್ಯಾಸ್ ಬಿಡುವ ಮುಂಚೆ ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಎಳೆಯಬೇಕು. ಪಂಪು ತರದೆ ಬಂದವನನ್ನು ವಾಪಸ್ ಕಳಿಸಿ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವಿದೆ, ಹಾಗಾಗಿ ಕಲಿತವರೇ ಕೈಹಾಕಬೇಕು.
* ಹೊರಗಿನ ಪೆಟ್ಟಿಗೆಗೆ ನೆರಳು, ಸುತ್ತ ಗಾಳಿಯಾಡುವ ಜಾಗ ಬೇಕು. 30-40 ಸೈಟಿನ ಮನೆಗಳಲ್ಲಿ ಅದು ನೇರ ಪಕ್ಕದ ಮನೆಯವರ ಕಿಟಕಿಗೆ ಬಿಸಿ ಉಗುಳುವ ಹಾಗೆ ಇಡಿಸಬೇಡಿ. ನಮ್ಮ ತಂಪಿಗೆ ಅವರು ಬೇಯಬಾರದಲ್ಲ.
* 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಬರೀ ಭ್ರಮೆ. 2020ರಿಂದ ಹೊಸ ಎಸಿಗಳು ಆನ್ ಮಾಡಿದಾಗ 24ಕ್ಕೇ ಬರುವಂತೆ ಸರ್ಕಾರ ನಿಯಮ ಮಾಡಿದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6 ಕರೆಂಟ್ ಉಳಿತಾಯ ಎನ್ನುತ್ತದೆ ಬಿಇಇ. 26ಕ್ಕೆ ಇಟ್ಟು ಮೇಲೆ ಫ್ಯಾನ್ ಸಣ್ಣಗೆ ತಿರುಗಿಸಿ, ಹಿತವಾಗಿರುತ್ತದೆ.
* ನಮ್ಮ ಕಡೆಯ ದೂಳಿಗೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಲೇಬೇಕು. ಈ ಕೆಲಸ ಮನೆಯ ಗಂಡುಮಕ್ಕಳಿಗೆ ವಹಿಸಿ!

ಪಕ್ಕದ ಮನೆಯಲ್ಲಿ ಹಾಕಿಸಿದರು ಅಂತಲೋ, ಬೀಗರು ಬಂದಾಗ ಮರ್ಯಾದೆ ಅಂತಲೋ ಕೊಳ್ಳುವ ವಸ್ತು ಇದಲ್ಲ. ಅವರ ಮನೆಯ ಸೂರು ಬೇರೆ, ನಿಮ್ಮ ಮನೆಯ ಸೂರು ಬೇರೆ. ಈ ಭಾನುವಾರ ಒಂದು ಕೆಲಸ ಮಾಡಿ. ಸಂಜೆ ಏಳಕ್ಕೆ, ಬಿಸಿಲು ಪೂರ್ತಿ ಇಳಿದ ಮೇಲೆ, ಮನೆಯವರನ್ನೂ ಕರೆದುಕೊಂಡು ಬರಿಗಾಲಲ್ಲಿ ಟೆರೇಸ್ ಹತ್ತಿ. ಕಾಲು ಚುರ್ ಎಂದರೆ, ಮೊದಲ ಖರ್ಚು ಎಲ್ಲಿಗೆ ಆಗಬೇಕು ಅನ್ನುವುದನ್ನು ಅವರಿಗೆ ನೀವು ಬಿಡಿಸಿ ಹೇಳಬೇಕಾಗಿಯೇ ಇಲ್ಲ.